ಕೂದಲು ಕಸಿಯಾದ ಮೇಲಿನ ಒಂದು ವರ್ಷ

ಕೂದಲು ಕಸಿ ಮಾಡಿಸಿಕೊಳ್ಳಬೇಕೆಂದು ಹಾಸನದ ನನ್ನ ಚರ್ಮರೋಗ ಚಿಕಿತ್ಸಾಲಯಕ್ಕೆ ಬರುವವರು ಮೊದಲು ಕೇಳುವುದು ಎಷ್ಟು ಖರ್ಚಾಗುತ್ತದೆ, ಎಷ್ಟು ಗ್ರಾಫ್ಟ್ (ಬುಡಸಮೇತ ತೆಗೆದು ನೆಡುವ ಕೂದಲಿನ ಪುಟ್ಟ ಗುಚ್ಛ) ಬೇಕಾಗುತ್ತದೆ ಎಂದು. ಕಸಿಯಾಗಿ ಮೂರು ತಿಂಗಳಾದಾಗ ತಲೆ ಹೇಗೆ ಕಾಣುತ್ತದೆ ಎಂದು ಕೇಳುವವರು ತೀರ ಅಪರೂಪ. ಆದರೆ ಆಮೇಲೆ ಗಾಬರಿಯಿಂದ ಫೋನ್ ಮಾಡುವವರಲ್ಲಿ ಹೆಚ್ಚಿನವರು ಮೊದಲ ಹತ್ತು ದಿನಗಳಲ್ಲಿರುತ್ತಾರೆ, ಇಲ್ಲವೇ ಆ ಮೂರನೆಯ ತಿಂಗಳಿನಲ್ಲಿರುತ್ತಾರೆ. ಈ ಎರಡೂ ಅವಧಿಗಳಲ್ಲಿ ಏನೇನಾಗುತ್ತದೆ ಎಂಬುದನ್ನು ಮುಂಗಡ ಹಣ ಕಟ್ಟುವ ಮೊದಲೇ ತಿಳಿದುಕೊಂಡವರು ನೆಮ್ಮದಿಯಾಗಿ ಚೇತರಿಸಿಕೊಳ್ಳುತ್ತಾರೆ. ತಿಳಿಯದವರು ಸಹಜವಾದುದಕ್ಕೆ ಹೆದರಿ, ನಿಜಕ್ಕೂ ಹೆದರಬೇಕಾದುದನ್ನು ಕಡೆಗಣಿಸುತ್ತಾರೆ.

ಕಸಿಯಿಂದ ಹೊಸ ಕೂದಲು ಸೃಷ್ಟಿಯಾಗುವುದಿಲ್ಲ. ಇರುವ ಕೂದಲು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತದೆ, ಅಷ್ಟೇ. ಗಂಡಸರಲ್ಲಿ ಹಣೆಯ ಅಂಚು ಮತ್ತು ನೆತ್ತಿಯ ಕೂದಲು ವಂಶಪಾರಂಪರ್ಯವಾಗಿ ತೆಳುವಾಗುವುದಕ್ಕೆ ಡೈಹೈಡ್ರೋಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿಗೆ ಅಲ್ಲಿನ ಬುಡಗಳು ಸ್ಪಂದಿಸುವ ರೀತಿಯೇ ಮುಖ್ಯ ಕಾರಣ. ಹಿಂದಲೆಯ ಬುಡಗಳು ಈ ಹಾರ್ಮೋನಿಗೆ ಅಷ್ಟಾಗಿ ಮಣಿಯುವುದಿಲ್ಲ, ಅಲ್ಲಿಂದ ತೆಗೆದು ಮುಂದೆ ನೆಟ್ಟರೂ ತಮ್ಮ ಗುಣವನ್ನು ಉಳಿಸಿಕೊಳ್ಳುತ್ತವೆ. ಜಪಾನಿನ ವೈದ್ಯ ಒಕುಡಾ 1939ರಲ್ಲೇ ಸುಟ್ಟ ಗಾಯದ ಕಲೆಗಳ ಮೇಲೆ ಕೂದಲುಳ್ಳ ಚರ್ಮದ ಚೂರುಗಳನ್ನು ನೆಟ್ಟು ಬೆಳೆಸಿದ್ದರು. ಬೊಕ್ಕತಲೆಗೆ ಈ ವಿಧಾನವನ್ನು ಬಳಸಿ, ಹಿಂದಲೆಯ ಕೂದಲು ಎಲ್ಲಿಗೆ ಹೋದರೂ ಹಿಂದಲೆಯ ಕೂದಲಾಗಿಯೇ ಬಾಳುತ್ತದೆಂದು 1959ರಲ್ಲಿ ಪ್ರಕಟಿಸಿದವರು ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್. ಇಂದಿನ ಕಸಿಯೂ ಅದೇ ತತ್ತ್ವದ ಮೇಲೆ ನಿಂತಿದೆ.

ಹಿಂದಲೆಯಲ್ಲಿರುವುದು ಸೀಮಿತ ಸಂಗ್ರಹ ಎಂಬುದನ್ನು ಮರೆಯುವಂತಿಲ್ಲ. ಬಹುಪಾಲು ಜನರಲ್ಲಿ ಹಿಂದಲೆ ಬರಿದಾಗಿ ಕಾಣದಂತೆ ಜೀವಮಾನದಲ್ಲಿ ತೆಗೆಯಬಹುದಾದದ್ದು ಕೆಲವು ಸಾವಿರ ಗ್ರಾಫ್ಟ್‌ಗಳು ಮಾತ್ರ. ಒಂದೊಂದು ಗ್ರಾಫ್ಟ್‌ನಲ್ಲಿ ಒಂದರಿಂದ ನಾಲ್ಕು ಕೂದಲುಗಳಿರುತ್ತವೆ. ಇಪ್ಪತ್ತೆರಡು ವಯಸ್ಸಿನ ಹುಡುಗನಿಗೆ ಹಣೆಯನ್ನು ಶಾಲಾ ದಿನಗಳ ಫೋಟೋದಂತೆ ಕೆಳಗಿಳಿಸಿ ಎರಡೂವರೆ ಸಾವಿರ ಗ್ರಾಫ್ಟ್ ಖರ್ಚು ಮಾಡಿಬಿಟ್ಟರೆ, ನಲವತ್ತರ ಹೊತ್ತಿಗೆ ಹಳೆಯ ಕೂದಲು ಹಿಂದೆ ಹಿಂದೆ ಸರಿದು, ನೆಟ್ಟ ಪಟ್ಟಿಯೊಂದೇ ಮುಂದೆ ನಿಂತು, ಅದರ ಹಿಂದೆ ಬಯಲಾಗುತ್ತದೆ. ಆಗ ತುಂಬಲು ಹಿಂದಲೆಯಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಇಪ್ಪತ್ತೈದಕ್ಕಿಂತ ಕಿರಿಯರಿಗೆ ನಾನು ಮೊದಲು ಔಷಧವನ್ನೇ ಕೊಟ್ಟು, ಫೋಟೋ ತೆಗೆದಿಟ್ಟು, ಒಂದು ವರ್ಷ ಕಾಯಲು ಹೇಳುತ್ತೇನೆ. ತಂದೆಯ ತಲೆ, ಸೋದರಮಾವನ ತಲೆ ಹೇಗಿದೆ ಎಂದು ವಿಚಾರಿಸುವುದೂ ಇದೇ ಕಾರಣಕ್ಕೆ.

ಶಸ್ತ್ರಚಿಕಿತ್ಸೆಯೇ ಬೇಡದ ಕೂದಲುದುರುವಿಕೆಯೂ ಇದೆ. ಡೆಂಗಿ, ಟೈಫಾಯ್ಡ್‌ನಂಥ ಜ್ವರ, ಹೆರಿಗೆ ಅಥವಾ ಏಕಾಏಕಿ ತೂಕ ಇಳಿಸಿದ ಎರಡು ಮೂರು ತಿಂಗಳ ಮೇಲೆ ತಲೆ ತುಂಬ ಕೂದಲು ಉದುರುತ್ತದೆ, ಹಾಗೆಯೇ ಕೆಲವು ತಿಂಗಳುಗಳಲ್ಲಿ ತಾನಾಗಿ ಮರಳುತ್ತದೆ. ಡೆಂಗಿ ಹೆಚ್ಚಿದ್ದ 2024ರ ಮಳೆಗಾಲ ಕಳೆದ ಮೇಲೆ ನಮ್ಮಲ್ಲಿ ಇಂಥವರು ಬಹಳ ಮಂದಿ ಬಂದರು. ಅವರಿಗೆ ಬೇಕಾದದ್ದು ಧೈರ್ಯ ಮತ್ತು ಪೌಷ್ಟಿಕ ಊಟ. ಹೆಂಗಸರಲ್ಲಿ ಥೈರಾಯ್ಡ್ ಮತ್ತು ಕಬ್ಬಿಣಾಂಶ ನೋಡದೆ ಕಸಿಯ ಮಾತೆತ್ತಬಾರದು. ಅರಸೀಕೆರೆ ಕಡೆಯವರು ಬಹಳವಾಗಿ ದೂರುವ ಬೋರ್‌ವೆಲ್ ನೀರು ಕೂದಲನ್ನು ಒರಟಾಗಿಸುತ್ತದೆ, ಆದರೆ ಬೊಕ್ಕತಲೆಯನ್ನು ತರುವುದಿಲ್ಲ.

ಕಸಿಯನ್ನು ಎರಡು ರೀತಿಯಲ್ಲಿ ಮಾಡುತ್ತಾರೆ. ಎಫ್‌ಯುಟಿ ವಿಧಾನದಲ್ಲಿ ಹಿಂದಲೆಯಿಂದ ಚರ್ಮದ ಒಂದು ಪಟ್ಟಿಯನ್ನೇ ತೆಗೆದು ಹೊಲಿಗೆ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಗ್ರಾಫ್ಟ್‌ಗಳನ್ನು ಬಿಡಿಸುತ್ತಾರೆ; ಗೆರೆಯಂಥ ಕಲೆ ಉಳಿಯುತ್ತದೆ. ಎಫ್‌ಯುಇ ವಿಧಾನದಲ್ಲಿ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ಕಡಿಮೆ ಅಗಲದ ಕೊಳವೆಯಿಂದ ಒಂದೊಂದೇ ಬುಡವನ್ನು ಬಿಡಿಸಿ ತೆಗೆಯುತ್ತಾರೆ. ಚುಕ್ಕೆ ಚುಕ್ಕೆಯಾಗಿ ಸಣ್ಣ ಬಿಳಿ ಕಲೆಗಳು ಉಳಿಯುತ್ತವೆ. ಯಾವುದರಲ್ಲೂ ಕಲೆಯೇ ಇರುವುದಿಲ್ಲ ಎಂಬ ಜಾಹೀರಾತು ಸುಳ್ಳು. ಒಟ್ಲಿನಿಂದ ಕಿತ್ತ ಪೈರಿನಂತೆಯೇ, ಹೊರತೆಗೆದ ಗ್ರಾಫ್ಟ್ ಒಣಗಿದರೆ ಬದುಕುವುದಿಲ್ಲ. ಅದನ್ನು ತಣ್ಣನೆಯ ದ್ರಾವಣದಲ್ಲಿಟ್ಟು ಆದಷ್ಟು ಬೇಗ ನೆಡಬೇಕು. ಎರಡು ಸಾವಿರ ಗ್ರಾಫ್ಟ್‌ಗಳ ಕಸಿಗೆ ಆರೆಂಟು ಗಂಟೆ ಹಿಡಿಯುತ್ತದೆ.

ಇಷ್ಟು ಹೊತ್ತು ರೋಗಿ ಎಚ್ಚರವಾಗಿಯೇ ಇರುತ್ತಾನೆ, ತಲೆಯ ಚರ್ಮಕ್ಕೆ ಮಾತ್ರ ಅರಿವಳಿಕೆ ಚುಚ್ಚಲಾಗಿರುತ್ತದೆ. ಅಪಾಯ ಇರುವುದು ಇಲ್ಲಿಯೇ. ಅರಿವಳಿಕೆಗೆ ಬಳಸುವ ಲಿಗ್ನೊಕೇನ್ ಔಷಧದ ಗರಿಷ್ಠ ಪ್ರಮಾಣ ದೇಹದ ತೂಕವನ್ನು ಅವಲಂಬಿಸಿರುತ್ತದೆ. ಅಡ್ರಿನಲಿನ್ ಬೆರೆಸಿದಾಗಲೂ ಕಿಲೋಗೆ 7 ಮಿಲಿಗ್ರಾಂ ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಅದನ್ನು ಮೀರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ನಿಮ್ಮ ತೂಕವನ್ನು ನೋಡದೆ, ರಕ್ತದೊತ್ತಡ, ಸಕ್ಕರೆ, ಇಸಿಜಿ ಯಾವುದನ್ನೂ ಪರೀಕ್ಷಿಸದೆ ದಿನ ಗೊತ್ತುಮಾಡುವ ಜಾಗದಿಂದ ಎದ್ದು ಬನ್ನಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮ ದೇಶದಲ್ಲಿ ಕೂದಲು ಕಸಿಯ ನಂತರ ಯುವಕರು ಸತ್ತ ಘಟನೆಗಳಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಂಥ ವಿಷಯಗಳಲ್ಲಿ ಕ್ರಮಬದ್ಧ ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕೆಂದೂ, ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು ಸಾಲದೆಂದೂ ಬಿಡಿಸಿ ಹೇಳಿದೆ. ಕತ್ತರಿ ಹಿಡಿಯುವವರು ಯಾರು, ಅವರು ಪೂರ್ತಿ ಹೊತ್ತು ಕೋಣೆಯಲ್ಲಿರುತ್ತಾರೆಯೇ ಎಂದು ಹೆಸರು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

ನಮ್ಮ ಜಿಲ್ಲೆಯ ಹಲವರು ಬೆಂಗಳೂರಿಗೆ ಹೋಗಿ ಕಸಿ ಮಾಡಿಸಿಕೊಂಡು, ಕೊಠಡಿ ಬಾಡಿಗೆ ಉಳಿಸಲು ಅದೇ ರಾತ್ರಿ ಬಸ್ಸು ಹತ್ತುತ್ತಾರೆ. ಸುಮಾರು 180 ಕಿಲೋಮೀಟರ್ ದಾರಿಯಲ್ಲಿ ನಿದ್ದೆಗಣ್ಣಿನಲ್ಲಿ ತಲೆ ಕಿಟಕಿಗೋ ಮುಂದಿನ ಸೀಟಿನ ಕಂಬಿಗೋ ಬಡಿಯುತ್ತದೆ, ಹಿಂದಲೆಯ ಗಾಯ ಸೀಟಿಗೆ ಉಜ್ಜುತ್ತದೆ. ಮೊದಲ ರಾತ್ರಿ ಅಲ್ಲೇ ಉಳಿದು, ಮರುದಿನ ಗಾಯವನ್ನು ತೋರಿಸಿಕೊಂಡು, ಸಾಧ್ಯವಾದರೆ ಕಾರಿನಲ್ಲಿ ಬರುವುದು ಲೇಸು. ಕಾರು ಹತ್ತುವಾಗಲೂ ಮೊದಲು ಕುಳಿತು ಆಮೇಲೆ ತಲೆಯನ್ನು ಒಳಗೆ ತನ್ನಿ. ಬಾಗಿಲ ಮೇಲಂಚಿಗೆ ತಲೆ ತಗುಲಿ ಗ್ರಾಫ್ಟ್ ಕಿತ್ತುಬಂದದ್ದನ್ನು ನಾನು ಕಂಡಿದ್ದೇನೆ. ತಲೆಯ ಮೇಲಿಂದ ಹಾಕುವ ಟೀ ಶರ್ಟಿನ ಬದಲು ಗುಂಡಿಯ ಅಂಗಿ ಹಾಕಿಕೊಂಡು ಹೋಗಬೇಕೆಂಬುದೂ ಇದಕ್ಕಾಗಿಯೇ.

ಮೊದಲ ಮೂರು ನಾಲ್ಕು ರಾತ್ರಿ ಎರಡು ದಿಂಬಿಟ್ಟು ತಲೆಯನ್ನು ಎತ್ತರಿಸಿ ಅಂಗಾತ ಮಲಗಬೇಕು. ಆದರೂ ಎರಡನೆಯ ದಿನದಿಂದ ಹಣೆ ಊದಿಕೊಂಡು, ಆ ಊತ ಕಣ್ಣಿನ ರೆಪ್ಪೆಗಿಳಿದು, ಕೆಲವರಿಗೆ ಬೆಳಗ್ಗೆ ಕಣ್ಣು ತೆರೆಯುವುದೇ ಕಷ್ಟವಾಗುತ್ತದೆ. ಇದು ಚುಚ್ಚಿದ ದ್ರವ ಕೆಳಗಿಳಿಯುವುದರಿಂದ ಆಗುವುದು. ನಾಲ್ಕೈದು ದಿನದಲ್ಲಿ ತಾನಾಗಿ ಇಳಿಯುತ್ತದೆ. ನೋವು ಸಾಮಾನ್ಯವಾಗಿ ಕಡಿಮೆ, ಅದೂ ಹಿಂದಲೆಯಲ್ಲಿ. ಆದರೆ ನೋವು ದಿನೇ ದಿನೇ ಏರಿದರೆ, ಕೀವು ಬಂದರೆ, ಜ್ವರ ಕಾಣಿಸಿದರೆ ಅಥವಾ ನೆಟ್ಟ ಜಾಗ ಕಪ್ಪಾಗುತ್ತ ಹೋದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ತಲೆ ತೊಳೆಯುವ ವಿಚಾರದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು ಹೆದರಿ ಹತ್ತು ದಿನ ನೀರೇ ಮುಟ್ಟಿಸುವುದಿಲ್ಲ. ಹಕ್ಕಳೆ ದಪ್ಪಗಟ್ಟಿ, ಅದರಡಿ ಸೋಂಕಾಗುತ್ತದೆ. ಇನ್ನು ಕೆಲವರು ಷವರಿನ ಕೆಳಗೆ ನಿಲ್ಲುತ್ತಾರೆ. ವೈದ್ಯರು ಹೇಳಿದ ದಿನದಿಂದ, ಹೆಚ್ಚಾಗಿ ಎರಡನೆಯ ಇಲ್ಲವೇ ಮೂರನೆಯ ದಿನದಿಂದ, ಮೃದು ಶಾಂಪೂವಿನ ನೊರೆಯನ್ನು ಅಂಗೈಯಿಂದ ಒತ್ತಿ ಕೂರಿಸಿ, ಚೊಂಬಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಉಜ್ಜಬಾರದು, ಉಗುರು ತಾಗಿಸಬಾರದು. ಸಕಲೇಶಪುರ, ಮೂಡಿಗೆರೆಯ ಮನೆಗಳಲ್ಲಿ ಹಂಡೆಯ ನೀರು ಸದಾ ಕುದಿಯುತ್ತಿರುತ್ತದೆ. ಕಸಿಯಾದ ಮೇಲೆ ನೆತ್ತಿ ಮತ್ತು ಹಿಂದಲೆ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಮರಗಟ್ಟಿದಂತಿರುವುದರಿಂದ ಸುಡುವುದು ಗೊತ್ತಾಗುವುದಿಲ್ಲ; ನೀರಿನ ಬಿಸಿಯನ್ನು ಮುಂಗೈಯಲ್ಲಿ ನೋಡಿಯೇ ತಲೆಗೆ ಹಾಕಿಕೊಳ್ಳಿ. ಹರಳೆಣ್ಣೆ, ಗರುಗದ ಎಣ್ಣೆ, ಲೋಳೆಸರ ಮುಂತಾದವು ಹಕ್ಕಳೆ ಪೂರ್ತಿ ಬಿದ್ದು ಚರ್ಮ ಮಾಗುವ ತನಕ ಬೇಡ. ಸುಮಾರು ಹತ್ತು ದಿನಗಳಲ್ಲಿ ಗ್ರಾಫ್ಟ್‌ಗಳು ಭದ್ರವಾಗಿ ಕೂರುತ್ತವೆ, ಎರಡು ವಾರದೊಳಗೆ ಹಕ್ಕಳೆ ಉದುರುತ್ತದೆ. ಅಲ್ಲಿಯವರೆಗೆ ಹೆಲ್ಮೆಟ್ ಹಾಕುವಂತಿಲ್ಲ, ಹಾಗಾಗಿ ಬೈಕನ್ನೂ ಓಡಿಸುವಂತಿಲ್ಲ. ಸಿಗರೇಟು ಚರ್ಮದ ರಕ್ತಸಂಚಾರವನ್ನು ಕುಗ್ಗಿಸಿ ನೆಟ್ಟದ್ದನ್ನೇ ಕೊಲ್ಲಬಲ್ಲುದು. ಮಳೆಗಾಲದಲ್ಲಿ ತೋಟದ ಕೆಲಸವಿರುವವರು ಒದ್ದೆ ಟೋಪಿಯಲ್ಲಿ ದಿನವಿಡೀ ಇರುವುದಾದರೆ ಕಸಿಯನ್ನು ಬೇಸಿಗೆಗೆ ಮುಂದೂಡಿ, ನೇರ ಬಿಸಿಲಿನಿಂದ ತಲೆಯನ್ನು ಕಾಪಾಡಿಕೊಳ್ಳುವುದು ವಾಸಿ.

ಇದಾದ ಮೇಲೆ ಕಷ್ಟದ ಕಾಲ. ಎರಡನೆಯ ವಾರದಿಂದ ಎರಡನೆಯ ತಿಂಗಳೊಳಗೆ, ನೆಟ್ಟ ಕೂದಲುಗಳಲ್ಲಿ ಬಹುಪಾಲು ಉದುರಿಹೋಗುತ್ತವೆ. ಬೇಲೂರಿನ ಕಡೆಯ ತಾಯಿಯೊಬ್ಬರು ಮಗನ ದಿಂಬಿನ ಮೇಲೆ ಬಿದ್ದವುಗಳನ್ನೆಲ್ಲ ಪೇಪರಿನಲ್ಲಿ ಕಟ್ಟಿಕೊಂಡು ಬಂದು, "ಡಾಕ್ಟ್ರೇ, ಅಷ್ಟು ದುಡ್ಡು ಸುರಿದು ಹಾಕ್ಸಿದ್ದು ಬುಡ ಸಮೇತ ಬಂದ್ಬಿಟ್ಟಿದೆ, ನೋಡಿ" ಎಂದು ಮೇಜಿನ ಮೇಲೆ ಬಿಚ್ಚಿಟ್ಟರು. ಪ್ರತಿ ಎಳೆಯ ತುದಿಯಲ್ಲೂ ಸಣ್ಣ ಬಿಳಿ ಉಂಡೆ ಇತ್ತು. ಲೆನ್ಸಿನ ಕೆಳಗಿಟ್ಟು ಅವರಿಗೇ ತೋರಿಸಿದೆ: ಅದು ಬುಡವಲ್ಲ, ಹಕ್ಕಳೆಯ ಪುಡಿ ಮತ್ತು ಸತ್ತ ಎಳೆಯ ಉಬ್ಬಿದ ತುದಿ. ನಿಜವಾಗಿ ಗ್ರಾಫ್ಟ್ ಕಿತ್ತುಬಂದರೆ ಅದು ಮೊದಲ ದಿನಗಳಲ್ಲೇ ಆಗುತ್ತದೆ, ಆ ಜಾಗದಲ್ಲಿ ರಕ್ತ ಜಿನುಗುತ್ತದೆ. ಇಲ್ಲಿ ಹಾಗಲ್ಲ; ಜಾಗ ಬದಲಾದ ಆಘಾತಕ್ಕೆ ಬುಡವು ಹಳೆಯ ಎಳೆಯನ್ನು ಕಳಚಿ, ಸುಮಾರು ಮೂರು ತಿಂಗಳ ವಿಶ್ರಾಂತಿಗೆ ಹೋಗುತ್ತದೆ. ಸುತ್ತಲಿನ ಹಳೆಯ ಕೂದಲೂ ಒಂದಿಷ್ಟು ಉದುರುವುದುಂಟು, ಆದ್ದರಿಂದ ಮೂರನೆಯ ತಿಂಗಳಿನಲ್ಲಿ ತಲೆ ಕಸಿಗೆ ಮೊದಲಿದ್ದುದಕ್ಕಿಂತ ತೆಳುವಾಗಿ ಕಂಡರೂ ಆಶ್ಚರ್ಯವಿಲ್ಲ. ಇದೇ ಹೊತ್ತಿನಲ್ಲಿ ಹೊಸ ಎಳೆ ಚರ್ಮವನ್ನು ತೂರಿ ಬರುವಾಗ ಸಣ್ಣ ಗುಳ್ಳೆಗಳೂ ಏಳುತ್ತವೆ, ಅವನ್ನು ಹಿಸುಕಬಾರದು.

ನಾಲ್ಕನೆಯ ತಿಂಗಳಿನಿಂದ ಬರುವ ಕೂದಲು ನಯವಾದ ರೋಮದಂತೆ, ಕೆಲವೊಮ್ಮೆ ಗುಂಗುರಾಗಿ ಇರುತ್ತದೆ. ಆರೇಳು ತಿಂಗಳಿಗೆ ಅರ್ಧದಷ್ಟು ಕಾಣುತ್ತದೆ, ಒಂದು ವರ್ಷಕ್ಕೆ ದಪ್ಪಗಟ್ಟುತ್ತದೆ, ನೆತ್ತಿಯ ಸುಳಿಯ ಭಾಗಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಮದುವೆ ಗೊತ್ತಾದ ಮೇಲೆ ಓಡಿ ಬರುವವರಿಗೆ ನಾನು ಈ ಲೆಕ್ಕವನ್ನೇ ಮುಂದಿಡುತ್ತೇನೆ: ಮುಹೂರ್ತಕ್ಕೆ ಹತ್ತು ತಿಂಗಳಾದರೂ ಇರಬೇಕು. ಮೂರು ತಿಂಗಳಷ್ಟೇ ಉಳಿದಿದ್ದರೆ ಮದುವೆ ಮುಗಿಸಿಕೊಂಡು ಬರುವುದೇ ಸರಿ, ಮತ್ತು ಹೆಣ್ಣಿನ ಕಡೆಯವರಿಗೆ ಇದನ್ನು ಮುಚ್ಚಿಡುವ ಅಗತ್ಯವೂ ಇಲ್ಲ.

ಕಸಿ ಮಾಡಿದ ಮೇಲೆ ಔಷಧ ಬೇಡವೆಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ನೆಟ್ಟ ಕೂದಲಿಗೆ ಬೇಡ, ನಿಜ. ಆದರೆ ನಡುವೆ ಉಳಿದ ಹಳೆಯ ಕೂದಲು ಮೊದಲಿನ ವೇಗದಲ್ಲೇ ತೆಳುವಾಗುತ್ತಿರುತ್ತದೆ. ಅದಕ್ಕೆ ಮಿನಾಕ್ಸಿಡಿಲ್ ಲೇಪ ಮತ್ತು ಗಂಡಸರಿಗೆ ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ ಬಳಕೆಯಲ್ಲಿವೆ. ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸಬಹುದು, ಮನಸ್ಸು ಮಂಕಾಗಿಸಬಹುದು. ಹಾಗಾದರೆ ಮುಜುಗರಪಡದೆ ಹೇಳಬೇಕು. ಈ ಮಾತ್ರೆ ನುಂಗುತ್ತಿರುವವರು ರಕ್ತದಾನ ಮಾಡಬಾರದು, ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆಗೆ ಹೋದಾಗ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಅದು ಅಂಕಿಯನ್ನು ಅರ್ಧಕ್ಕಿಳಿಸುತ್ತದೆ. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು.

ನಮ್ಮ ಕಡೆಯವರು ಕೇಳುವ, ಆದರೆ ಬೇರೆಡೆಯ ಕೈಪಿಡಿಗಳಲ್ಲಿ ಉತ್ತರ ಸಿಗದ ಪ್ರಶ್ನೆಗಳೂ ಇವೆ. ಶಬರಿಮಲೆಗೆ ಮಾಲೆ ಹಾಕುವವರು ಬೆಳಗ್ಗೆ ಸಂಜೆ ತಲೆಗೆ ತಣ್ಣೀರು ಹಾಕಿಕೊಳ್ಳಬೇಕು, ಇರುಮುಡಿಯನ್ನು ತಲೆಯ ಮೇಲೆ ಹೊರಬೇಕು. ನೀರಿನಿಂದ ಹತ್ತು ದಿನದ ಮೇಲೆ ತೊಂದರೆಯಿಲ್ಲ. ಹೊರೆಯನ್ನು ಮಾತ್ರ, ಅದು ಇರುಮುಡಿಯಾಗಲಿ ಕಾಫಿ ಹಣ್ಣಿನ ಚೀಲವಾಗಲಿ, ಕನಿಷ್ಠ ಒಂದು ತಿಂಗಳು ತಲೆಗೇರಿಸಬಾರದು. ಧರ್ಮಸ್ಥಳಕ್ಕೋ ತಿರುಪತಿಗೋ ಮುಡಿ ಕೊಡುವ ಹರಕೆಯಿದ್ದರೆ ನೆಟ್ಟ ಕೂದಲು ಮತ್ತೆ ಬರುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಬರುತ್ತದೆ, ಕ್ಷೌರದ ಕತ್ತಿ ಚರ್ಮದ ಮೇಲಿನ ಎಳೆಯನ್ನಷ್ಟೇ ತೆಗೆಯುತ್ತದೆ, ಒಳಗಿನ ಬುಡವನ್ನು ಮುಟ್ಟುವುದಿಲ್ಲ. ಆದರೂ ಗಾಯ ಪೂರ್ತಿ ಮಾಗಿ, ಹೊಸ ಕೂದಲು ಹುಟ್ಟಿ ನಿಲ್ಲುವವರೆಗೆ, ಅಂದರೆ ಆರು ತಿಂಗಳಾದರೂ ಕತ್ತಿ ಬೇಡವೆಂದು ನಾನು ಹೇಳುತ್ತೇನೆ. ಹೊತ್ತ ಹರಕೆಯನ್ನು ಕಸಿಗೆ ಮೊದಲೇ ತೀರಿಸಿ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಮನೆಯಲ್ಲಿ ಸಾವಾಗಿ ಕೇಶಮುಂಡನ ಮಾಡಲೇಬೇಕಾದ ಸಂದರ್ಭ ಈ ಅವಧಿಯಲ್ಲೇ ಬಂದರೆ, ಮೊದಲ ತಿಂಗಳ ನಂತರವಾದರೆ ಕತ್ತಿಯ ಬದಲು ಟ್ರಿಮ್ಮರ್ ಬಳಸಲು ಪುರೋಹಿತರನ್ನು ಕೇಳಿ ಒಪ್ಪಿಸಿಕೊಂಡವರಿದ್ದಾರೆ, ಅವರ ಕೂದಲಿಗೆ ಏನೂ ಆಗಿಲ್ಲ. ತಲೆ ಬೋಳಿಸಿದಾಗ ಎಫ್‌ಯುಟಿಯ ಗೆರೆ ಕಿವಿಯಿಂದ ಕಿವಿಗೆ ಎದ್ದು ಕಾಣುತ್ತದೆ, ಎಫ್‌ಯುಇಯ ಚುಕ್ಕೆಗಳು ಅಷ್ಟಾಗಿ ಕಾಣುವುದಿಲ್ಲ; ಆದ್ದರಿಂದ ವರ್ಷಕ್ಕೊಮ್ಮೆ ಮುಡಿ ಕೊಡುವ ಪದ್ಧತಿಯಿರುವ ಮನೆಯವರು ವಿಧಾನವನ್ನು ಆರಿಸುವ ದಿನವೇ ಅದನ್ನು ವೈದ್ಯರಿಗೆ ತಿಳಿಸಬೇಕು.