ಫೀಲ್ಡ್ ಮಾರ್ಷಲ್ ಸ್ಲಿಮ್: ಬ್ರಿಟಿಷ್ ಸೇನೆಯ ಏಣಿ ಹತ್ತಿದ ಕಥೆ (ನನ್ನ ನೋಟ್ಸ್)

ಎರಡನೇ ಮಹಾಯುದ್ಧ ಅಂದ್ರೆ ನಾವು ಹಿಟ್ಲರ್, ನಾರ್ಮಂಡಿ, ಹಿರೋಶಿಮಾ ಅಂತ ಓದ್ಕೊಂಡು ಹೋಗ್ಬಿಡ್ತೀವಿ, ಬರ್ಮಾ ಬಂದಾಗ ಎರಡು ಸಾಲು ನೋಡಿ ಪುಟ ತಿರುಗಿಸ್ತೀವಿ. ಆದ್ರೆ ಅಲ್ಲಿ ಹೋರಾಡಿದ ಹದಿನಾಲ್ಕನೇ ಸೇನೆಲಿ ಹೆಚ್ಚಿನವರು ಭಾರತೀಯ ಸೈನಿಕರೇ, ಅದನ್ನ ನಡೆಸಿದವರು ವಿಲಿಯಂ ಸ್ಲಿಮ್. ಇವರೊಬ್ಬರ ಕೆರಿಯರ್ ಸರಿಯಾಗಿ ಓದಿದ್ರೆ ಬೆಟಾಲಿಯನ್, ಬ್ರಿಗೇಡ್, ಡಿವಿಷನ್ ಅಂತ ಬರೋ ಗೊಂದಲವೂ ಬಗೆಹರಿಯತ್ತೆ, ಅದಕ್ಕೇ ಇವರನ್ನ ಆರಿಸ್ಕೊಂಡೆ.

ಹುಟ್ಟಿದ್ದು 1891ರಲ್ಲಿ ಬ್ರಿಸ್ಟಲ್‌ನಲ್ಲಿ, ಬೆಳೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಆಗ ಬ್ರಿಟಿಷ್ ಸೇನೆಲಿ ಆಫೀಸರ್ ಆಗ್ಬೇಕು ಅಂದ್ರೆ ಮನೆತನ, ದುಡ್ಡು ಎರಡೂ ಬೇಕಿತ್ತು, ಇವರ ಹತ್ರ ಎರಡೂ ಇರ್ಲಿಲ್ಲ. ಸ್ವಲ್ಪ ದಿನ ಪ್ರೈಮರಿ ಸ್ಕೂಲ್ ಮೇಷ್ಟ್ರು, ಆಮೇಲೆ ಲೋಹದ ಪೈಪ್ ಮಾಡೋ ಕಂಪನಿಲಿ ಗುಮಾಸ್ತ. ಅಲ್ಲಿನ ಯೂನಿವರ್ಸಿಟಿಯ ಆಫೀಸರ್ ಟ್ರೇನಿಂಗ್ ಕೋರ್‌ಗೆ ಸೇರ್ಕೊಂಡಿದ್ರು, ಆದ್ರೆ ಆ ಯೂನಿವರ್ಸಿಟಿಯ ವಿದ್ಯಾರ್ಥಿಯೇ ಆಗಿರ್ಲಿಲ್ಲ! 1914ರಲ್ಲಿ ಯುದ್ಧ ಶುರುವಾಗಿದ್ದರಿಂದ ಸೆಕೆಂಡ್ ಲೆಫ್ಟಿನೆಂಟ್ ಆಗೋ ಬಾಗಿಲು ತೆರೀತು. 1915ರಲ್ಲಿ ಟರ್ಕಿಯ ಗಲಿಪೊಲಿಲಿ ಗಾಯ, ಆಮೇಲೆ ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್) ಮಿಲಿಟರಿ ಕ್ರಾಸ್ ಪದಕ, 1917ರಲ್ಲಿ ಮತ್ತೆ ಗಾಯ. ಯುದ್ಧ ಮುಗಿದ ಮೇಲೆ ಇಂಡಿಯನ್ ಆರ್ಮಿಗೆ ಬಂದು ಗೂರ್ಖಾ ರೆಜಿಮೆಂಟ್ ಸೇರಿದ್ರು.

ಇಲ್ಲಿಂದ ಏಣಿ ಗಮನಿಸಿ. ಒಂದು ಬೆಟಾಲಿಯನ್ ಅಂದ್ರೆ ಸುಮಾರು 800 ಜನ, ಸಾಮಾನ್ಯವಾಗಿ ಮೂರು ಬೆಟಾಲಿಯನ್ ಸೇರಿ ಒಂದು ಬ್ರಿಗೇಡ್, ಮೂರು ಬ್ರಿಗೇಡ್ ಪ್ಲಸ್ ಫಿರಂಗಿ, ಎಂಜಿನಿಯರು ಎಲ್ಲಾ ಸೇರಿ ಡಿವಿಷನ್, ಎರಡು ಮೂರು ಡಿವಿಷನ್‌ಗೆ ಒಂದು ಕೋರ್, ಕೋರ್‌ಗಳೆಲ್ಲ ಸೇರಿ ಆರ್ಮಿ. ಶಾಂತಿಕಾಲದಲ್ಲಿ ಪ್ರಮೋಷನ್ ಆಮೆ ನಡಿಗೆ, ಕ್ವೆಟ್ಟಾ ಸ್ಟಾಫ್ ಕಾಲೇಜಲ್ಲಿ ಓದಿ, ಇಂಗ್ಲೆಂಡಿನ ಕ್ಯಾಂಬರ್ಲಿಲಿ ಪಾಠ ಹೇಳಿ, ಸಂಬಳ ಸಾಲದೆ ಬೇರೆ ಹೆಸರಲ್ಲಿ ಪತ್ರಿಕೆಗಳಿಗೆ ಕಥೆ ಬರೆದು, ಕೊನೆಗೆ ಬೆಟಾಲಿಯನ್ ಕೈಗೆ ಬಂದಾಗ 1938, ವಯಸ್ಸು 46. ಅಲ್ಲಿಂದ ಬರೀ ಐದೂವರೆ ವರ್ಷದಲ್ಲಿ ಬ್ರಿಗೇಡ್, ಡಿವಿಷನ್, ಕೋರ್, ಆರ್ಮಿ ನಾಲ್ಕೂ ಮೆಟ್ಟಿಲು ಹತ್ತಿದ್ರು.

ಆದ್ರೆ ಎಲ್ಲಾ ಗೆದ್ದುಕೊಂಡೇ ಹತ್ತಿದ್ರು ಅಂದ್ಕೋಬೇಡಿ. ನವೆಂಬರ್ 1940ರಲ್ಲಿ ಸುಡಾನ್ ಗಡಿಯ ಗಲ್ಲಬಾತ್‌ನಲ್ಲಿ ಇವರ ಬ್ರಿಗೇಡ್ ಕೋಟೆ ಹಿಡೀತು, ಆದ್ರೆ ಟ್ಯಾಂಕ್‌ಗಳು ಕೆಟ್ಟು ನಿಂತವು, ಇಟಲಿಯ ವಿಮಾನಗಳ ಬಾಂಬ್ ದಾಳಿಗೆ ಒಂದು ಬೆಟಾಲಿಯನ್ನಿನ ಕೆಲವರು ಕಂಗಾಲಾಗಿ ಓಡಿದ್ರು, ಸ್ಲಿಮ್ ಮುಂದೆ ನುಗ್ಗದೆ ವಾಪಸ್ ಬಂದ್ರು. ಮುಂದೆ ಅವರೇ ಬರ್ಕೊಂಡಿದ್ದಾರೆ, ಎರಡು ದಾರಿ ಇತ್ತು, ನಾನು ಭಯದ ಮಾತು ಕೇಳಿ ತಪ್ಪು ದಾರಿ ಹಿಡಿದೆ ಅಂತ. ಫೀಲ್ಡ್ ಮಾರ್ಷಲ್ ಆದ ಮೇಲೂ ಹೀಗೆ ಬಿಚ್ಚಿ ಹೇಳಿದ್ರಲ್ಲ, ನಂಗೆ ಇವರು ಇಷ್ಟ ಆಗಿದ್ದೇ ಅಲ್ಲಿ.

ಮಾರ್ಚ್ 1942ರಲ್ಲಿ ಬರ್ಮಾ ಕೋರ್ ಕೊಟ್ಟಾಗ ರಾಜಧಾನಿ ರಂಗೂನ್ ಆಗ್ಲೇ ಜಪಾನೀಯರ ಕೈಗೆ ಹೋಗಿತ್ತು. ಉಳಿದದ್ದು ಸುಮಾರು 900 ಮೈಲಿ ಹಿಂದಕ್ಕೆ ನಡೆಯೋದು. ಮೇ ತಿಂಗಳ ಮಳೆಲಿ ಇಂಫಾಲ್ ಕಡೆ ಬಂದ ಕೊನೆಯ ದಂಡು ರಸ್ತೇಲಿ ನಡೀತಿದ್ದನ್ನ ಸ್ಲಿಮ್ ಪಕ್ಕದ ದಿಬ್ಬದ ಮೇಲೆ ನಿಂತು ನೋಡಿದ್ರಂತೆ, ಬಟ್ಟೆ ಹರಿದು ಬೆದರುಬೊಂಬೆ ಥರ ಇದ್ರೂ ಕೈಲಿ ಬಂದೂಕು ಬಿಟ್ಟಿರ್ಲಿಲ್ಲ, ಸಾಲೂ ಕೆಟ್ಟಿರ್ಲಿಲ್ಲ.

ಈಗ ಮುಖ್ಯ ವಿಷ್ಯ, ಇದನ್ನ ಚೆನ್ನಾಗಿ ಓದ್ಕೊಳ್ಳಿ. ಅಕ್ಟೋಬರ್ 1943ರಲ್ಲಿ ಹದಿನಾಲ್ಕನೇ ಸೇನೆ ಕೈಗೆ ಬಂದಾಗ ಜಪಾನೀಯರಿಗಿಂತ ದೊಡ್ಡ ಶತ್ರು ಮಲೇರಿಯಾ. ಗಾಯಗೊಂಡ ಒಬ್ಬನನ್ನ ಹಿಂದಕ್ಕೆ ಸಾಗಿಸಿದ್ರೆ ಕಾಯಿಲೆಯವರು 120 ಜನ! ಮೆಪಾಕ್ರಿನ್ ಮಾತ್ರೆ ಇತ್ತು, ಆದ್ರೆ ಗಂಡಸ್ತನ ಹೋಗತ್ತೆ ಅನ್ನೋ ಪುಕಾರಿಗೆ ಹೆದರಿ ಸೈನಿಕರು ನುಂಗ್ತಿರ್ಲಿಲ್ಲ. ಸ್ಲಿಮ್ ಏನ್ ಮಾಡಿದ್ರು ಅಂದ್ರೆ, ಯಾವುದೋ ಒಂದು ಯೂನಿಟ್‌ಗೆ ಹೇಳದೆ ಕೇಳದೆ ತಪಾಸಣೆ ಕಳಿಸೋದು, ಎಲ್ಲರ ಮೇಲೂ ಟೆಸ್ಟ್ ಮಾಡ್ಸೋದು, ಮಾತ್ರೆ ನುಂಗಿದವರು ನೂರಕ್ಕೆ 95ಕ್ಕಿಂತ ಕಮ್ಮಿ ಇದ್ರೆ ಆ ಕಮಾಂಡಿಂಗ್ ಆಫೀಸರ್ ಮನೆಗೆ. ಮೂರೇ ಜನರನ್ನ ತೆಗೆದ್ರು, ಉಳಿದವರು ತಾವೇ ಸಾಲಲ್ಲಿ ನಿಲ್ಸಿ ನುಂಗ್ಸೋಕೆ ಶುರು ಮಾಡಿದ್ರು. ಜೊತೆಗೆ ಜ್ವರ ಬಂದವರನ್ನ ದೂರದ ಆಸ್ಪತ್ರೆಗೆ ಕಳಿಸೋ ಬದಲು ಮುಂಚೂಣಿಗೆ ಹತ್ತಿರದಲ್ಲೇ ಚಿಕಿತ್ಸೆ. ವಿಮಾನದಿಂದ ಸಾಮಾನು ಇಳಿಸೋ ಪ್ಯಾರಾಚೂಟ್ ಕೊರತೆ ಬಂದಾಗ ಕಲ್ಕತ್ತಾದ ಸೆಣಬಿನ ಗಿರಣಿಯವರ ಹತ್ರ ಗೋಣಿ ಜಾತಿಯ ಬಟ್ಟೇಲೇ ಮಾಡಿಸಿದ್ರು. ಒಂದಕ್ಕೆ ಒಂದು ಪೌಂಡ್ ಚಿಲ್ಲರೆ, ಮಾಮೂಲಿದಕ್ಕೆ 20 ಪೌಂಡ್ ಮೇಲೆ.

ಇದು ಗೊತ್ತಿದ್ರೆ 1944 ಅರ್ಥ ಆಗತ್ತೆ. ಮಾರ್ಚ್‌ನಿಂದ ಜುಲೈವರೆಗೆ ಇಂಫಾಲ್, ಕೊಹಿಮಾ. ಜಪಾನೀಯರ ಜೊತೆ ನಮ್ಮ ಆಜಾದ್ ಹಿಂದ್ ಫೌಜ್ ಕೂಡ ಬಂದಿತ್ತು, ಅಂದ್ರೆ ಎರಡೂ ಕಡೆ ಭಾರತೀಯರು, ಇದನ್ನ ಓದುವಾಗ ಮನಸ್ಸು ಭಾರ ಆಗತ್ತೆ. ರಸ್ತೆ ಮುಚ್ಚಿದ್ರೂ ಇಂಫಾಲ್‌ಗೆ ವಿಮಾನದಲ್ಲಿ ಊಟ, ಗುಂಡು ಬರ್ತಿತ್ತು. ಜಪಾನೀಯರು ಕೆಲವೇ ವಾರದ ಅಕ್ಕಿ ಹೊತ್ಕೊಂಡು ಬಂದವರು, ಹಸಿವು ಕಾಯಿಲೆಗೇ ತುಂಬಾ ಜನ ಸತ್ರು. 1945ರಲ್ಲಿ ಸ್ಲಿಮ್ ಮಂಡಾಲೆ ಕಡೆ ನುಗ್ಗೋ ಹಾಗೆ ತೋರಿಸಿ, ಸುಳ್ಳು ವೈರ್‌ಲೆಸ್ ಸಂದೇಶ ಬಿಟ್ಟು, ಒಂದು ಇಡೀ ಕೋರನ್ನ ದಕ್ಷಿಣದಲ್ಲಿ ಗುಟ್ಟಾಗಿ ಐರಾವತಿ ನದಿ ದಾಟಿಸಿ ಜಪಾನೀಯರ ಸರಬರಾಜು ಕೇಂದ್ರ ಮೈಕ್ತಿಲಾನ ಮಾರ್ಚ್ ಮೊದಲ ವಾರದಲ್ಲೇ ಹಿಡಿದ್ರು. ಮಂಡಾಲೆ ಸಿಕ್ಕಿದ್ದು ಮಾರ್ಚ್ 20ಕ್ಕೆ, ರಂಗೂನ್ ಮೇ 3ಕ್ಕೆ. ಅದೇ ಬರ್ಮಾ ಯುದ್ಧದ ಅರಕಾನ್ ಕಡೆಯಲ್ಲಿ ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ ಒಂದು ಬೆಟಾಲಿಯನ್ ನಡೆಸ್ತಿದ್ರು, ಮುಂದೆ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದವರು.

ರಂಗೂನ್ ಗೆದ್ದ ಅದೇ ತಿಂಗಳು ಮೇಲಧಿಕಾರಿ ಆಲಿವರ್ ಲೀಸ್ ಸ್ಲಿಮ್‌ರನ್ನ ಆ ಸೇನೆಯಿಂದ ತೆಗೆಯೋಕೆ ಹೋದ್ರು. ಸುದ್ದಿ ಹಬ್ಬಿ ಆಫೀಸರ್‌ಗಳೆಲ್ಲ ಸಿಟ್ಟಾದ್ರು, ಕೊನೆಗೆ ಕುರ್ಚಿ ಹೋಗಿದ್ದು ಲೀಸ್‌ರದ್ದು, ಆ ಜಾಗಕ್ಕೆ ಬಂದವರು ಸ್ಲಿಮ್ಮೇ. 1948ರಲ್ಲಿ ಸೇನೆ ಬಿಟ್ಟು ಬ್ರಿಟಿಷ್ ರೈಲ್ವೇಸ್ ಕೆಲಸಕ್ಕೆ ಸೇರಿದ್ರು, ಅದೇ ವರ್ಷ ಪ್ರಧಾನಿ ಆಟ್ಲಿ ವಾಪಸ್ ಕರೆಸಿ ಇಂಪೀರಿಯಲ್ ಜನರಲ್ ಸ್ಟಾಫ್‌ನ ಮುಖ್ಯಸ್ಥರನ್ನಾಗಿ, ಅಂದ್ರೆ ಬ್ರಿಟಿಷ್ ಸೇನೆಗೇ ಮುಖ್ಯಸ್ಥರನ್ನಾಗಿ ಮಾಡಿದ್ರು. ಅಲ್ಲೀವರೆಗೆ ಆ ಕುರ್ಚಿಲಿದ್ದ ಮಾಂಟ್‌ಗೊಮರಿಗೆ ಬೇರೆಯವರು ಬೇಕಿತ್ತು, ಆಟ್ಲಿ ಒಪ್ಪಲಿಲ್ಲ. ಇಂಡಿಯನ್ ಆರ್ಮಿ ಆಫೀಸರ್ ಒಬ್ಬರು ಆ ಕುರ್ಚಿಲಿ ಕೂತಿದ್ದು ಅದೇ ಮೊದಲು. 1949ರಲ್ಲಿ ಫೀಲ್ಡ್ ಮಾರ್ಷಲ್, 1953ರಿಂದ ಆಸ್ಟ್ರೇಲಿಯಾದ ಗವರ್ನರ್ ಜನರಲ್. ಸೈನಿಕರ ಬಾಯಲ್ಲಿ ಮಾತ್ರ ಅವರು ಕೊನೇವರೆಗೂ ‘ಅಂಕಲ್ ಬಿಲ್’.