ಡೀಸೆಲ್ ತಳ ಸೇರುತ್ತಿದ್ದರೆ ಮೊದಲು ಸ್ಟೀಮ್ ನೋಡಿ

ರಿಫೈನರಿಯಲ್ಲಿ ಕಚ್ಚಾ ತೈಲವನ್ನು ಫರ್ನೇಸ್‌ನಲ್ಲಿ ಕಾಯಿಸಿ ಕಾಲಂ ಎಂಬ ಗೋಪುರಕ್ಕೆ ಬಿಡುತ್ತೇವೆ. ಅಲ್ಲಿ ಡೀಸೆಲ್ ಆವಿಯಾಗಿ ಮೇಲೇಳಬೇಕು, ಭಾರದ ಎಣ್ಣೆ ಮಾತ್ರ ತಳ ಸೇರಬೇಕು. ಡೀಸೆಲ್ ಇಳುವರಿ ಕಮ್ಮಿಯಾಯಿತೆಂದು ಮೇಲಿನಿಂದ ಫೋನ್ ಬಂದ ಕೂಡಲೇ ಫರ್ನೇಸ್ ಔಟ್‌ಲೆಟ್ ತಾಪ ಎರಡು ಡಿಗ್ರಿ ಏರಿಸುವ ಚಟ ನಮ್ಮ ಕಂಟ್ರೋಲ್ ರೂಮುಗಳನ್ನು ಇನ್ನೂ ಬಿಟ್ಟಿಲ್ಲ. ಆಗಲೇ 360ರ ಆಸುಪಾಸಿನಲ್ಲಿ ಓಡುತ್ತಿರುವ ಫರ್ನೇಸ್‌ಗೆ ಇನ್ನಷ್ಟು ಬೆಂಕಿ ಕೊಟ್ಟರೆ ಇಂಧನದ ಖರ್ಚು ಏರುತ್ತದೆ, ಟ್ಯೂಬಿನೊಳಗೆ ಕೋಕ್ ಕಟ್ಟುತ್ತದೆ. ತಳಕ್ಕೆ ಜಾರುವ ಡೀಸೆಲ್ ಬಹುಪಾಲು ಜಾರುತ್ತಲೇ ಇರುತ್ತದೆ.

ಮೊದಲು ನೋಡಬೇಕಾದದ್ದು ಕಾಲಂ ತಳದ ಸ್ಟ್ರಿಪ್ಪಿಂಗ್ ಸ್ಟೀಮ್, ಅಂದರೆ ತಳದ ಎಣ್ಣೆಯಲ್ಲಿ ಉಳಿದ ಡೀಸೆಲನ್ನು ಬಿಡಿಸಲು ಊದುವ ನೀರಾವಿ. ಎಷ್ಟು ಸಲ ಹೇಳಿದರೂ ಅದು ಎಣ್ಣೆಯನ್ನು ಬಿಸಿ ಮಾಡುತ್ತದೆಂದೇ ತಿಳಿಯುತ್ತಾರೆ. ಅದು ಬಿಸಿ ಮಾಡಲು ಬರುವುದಲ್ಲ. ಸ್ಟೀಮ್ ಬೆರೆತಷ್ಟೂ ಎಣ್ಣೆಯ ಆವಿಯ ಪಾಲಿನ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದಾಗ ದ್ರವದಲ್ಲಿ ಸಿಕ್ಕಿಕೊಂಡ ಡೀಸೆಲ್ ಹೆಚ್ಚಿನ ಬೆಂಕಿಯಿಲ್ಲದೆ ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಉಳಿದ ಎಣ್ಣೆಯಿಂದಲೇ ಎಳೆದುಕೊಳ್ಳುವುದರಿಂದ ತಳದ ಆರ್‌ಸಿಒ (ಆವಿಯಾಗದೆ ಉಳಿದ ಭಾರದ ಎಣ್ಣೆ) ತಣಿಯುತ್ತದೆ. ಹಾಗಾಗಿ ಫ್ಲಾಶ್ ಜೋನ್ (ಕಾದ ಎಣ್ಣೆ ಕಾಲಂ ಹೊಗುವ ಜಾಗ) ತಾಪ, ತಳದ ತಾಪ ಎರಡನ್ನೂ ಒಂದೇ ಪರದೆಯಲ್ಲಿ ಇಟ್ಟುಕೊಳ್ಳಿ. ಸ್ಟ್ರಿಪ್ಪಿಂಗ್ ಚೆನ್ನಾಗಿದ್ದರೆ ತಳ ಸಾಮಾನ್ಯವಾಗಿ 10ರಿಂದ 20 ಡಿಗ್ರಿ ಕೆಳಗಿರುತ್ತದೆ. ಅಂತರ ಮೂರು-ನಾಲ್ಕಕ್ಕೆ ಕುಸಿದು, ಸ್ಟೀಮ್ ಹೆಚ್ಚಿಸಿದರೂ ಅಲುಗದಿದ್ದರೆ ಟ್ರೇಗಳು (ಎಣ್ಣೆ, ಸ್ಟೀಮ್ ಬೆರೆಯುವ ಒಳಗಿನ ತಟ್ಟೆಗಳು) ಕಿತ್ತುಹೋಗಿರಬಹುದು. ತಾಪ ಅಳೆಯುವ ಥರ್ಮೋಕಪಲ್ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು ಆರ್‌ಸಿಒ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. 360 ಡಿಗ್ರಿಯೊಳಗೆ ಕುದಿಯುವ ಭಾಗ ಶೇ 5ರ ಹತ್ತಿರವಿದ್ದರೆ ಚಿಂತೆಯಿಲ್ಲ. 10 ದಾಟಿದರೆ ಹಣ ಸೋರುತ್ತಿದೆ.

ಎಷ್ಟು ಹಣ? ಮಂಗಳೂರಿನ ಎಂಆರ್‌ಪಿಎಲ್‌ನ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್. ಅಷ್ಟು ದೊಡ್ಡ ಯಾವುದೇ ರಿಫೈನರಿಯಲ್ಲಿ ಕಚ್ಚಾ ತೈಲದ ಶೇ 1ರಷ್ಟು ಡೀಸೆಲ್ ತಳಕ್ಕೆ ಜಾರಿದರೆ ವರ್ಷಕ್ಕೆ 1.5 ಲಕ್ಷ ಟನ್. ಆರ್‌ಸಿಒ ಮುಂದೆ ಹೋಗುವ ವ್ಯಾಕ್ಯೂಮ್ ಕಾಲಂನಲ್ಲಿ (ಒತ್ತಡ ತಗ್ಗಿಸಿ ಬಟ್ಟಿ ಇಳಿಸುವ ಗೋಪುರ) ಡೀಸೆಲ್ ತೆಗೆಯುವ ಏರ್ಪಾಡಿದ್ದರೆ ಒಂದಿಷ್ಟು ವಾಪಸ್ ಸಿಗುತ್ತದೆ, ಆದರೆ ಅದನ್ನು ಎರಡನೇ ಸಲ ಕಾಯಿಸಿದ ಖರ್ಚಂತೂ ತಪ್ಪುವುದಿಲ್ಲ.

ಟ್ರೇ ಹಾಳಾಗುವುದು ಬಹುತೇಕ ಸ್ಟಾರ್ಟಪ್‌ನಲ್ಲಿ. ಸ್ಟೀಮ್ ಲೈನಿನಲ್ಲಿ ನಿಂತ ನೀರು 350 ಡಿಗ್ರಿಯ ಎಣ್ಣೆಗೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಪಟ್ಟಿನಷ್ಟು ಹಿಗ್ಗಿ ಟ್ರೇಗಳನ್ನು ಎತ್ತಿ ಎಸೆಯುತ್ತದೆ. ಕೊನೆಯ ವಾಲ್ವ್‌ನ ಪಕ್ಕದ ಡ್ರೈನ್ ತೆರೆದು, ಹನಿಯಿಲ್ಲದ ಒಣ ಸ್ಟೀಮ್ ಬರುವ ತನಕ ಕಾಯಲೇಬೇಕು. ರಾತ್ರಿ ಪಾಳಿಯ ಹುಡುಗರನ್ನು ಆ ಹೊತ್ತಿನಲ್ಲಿ ಅವಸರಪಡಿಸಬೇಡಿ. ಅವರು ಅಲ್ಲಿ ನಿಲ್ಲುವ ಅರ್ಧ ಗಂಟೆ ಮುಂದಿನ ಶಟ್‌ಡೌನ್ ತನಕ ಕಾಲಂ ಅನ್ನು ಕಾಪಾಡುತ್ತದೆ.

ಸ್ಟೀಮ್ ಪ್ರಮಾಣ ಒಂದು ಘನ ಮೀಟರ್ ಆರ್‌ಸಿಒಗೆ 15ರಿಂದ 30 ಕೆಜಿ. ಈಗಿರುವುದರ ಮೇಲೆ ಶೇ 10ರಷ್ಟು ಏರಿಸಿ, ಎರಡು ಗಂಟೆ ಬಿಟ್ಟು ನೋಡಿ. ಓವರ್‌ಹೆಡ್ ಕಂಡೆನ್ಸರ್ (ಕಾಲಂ ನೆತ್ತಿಯ ಆವಿ ತಣಿಸುವ ಸಾಧನ) ತಡೆದುಕೊಳ್ಳದೆ ಕಾಲಂ ಒತ್ತಡ ಏರತೊಡಗಿದರೆ ಗಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಒಂದು ಹೆಜ್ಜೆ ಹಿಂದೆ ಸರಿಯಿರಿ.

ಹೀಗೆ ಮೇಲೆದ್ದ ಡೀಸೆಲನ್ನು ಪೂರ್ತಿ ಎಳೆದುಕೊಳ್ಳುವ ಮುಂಚೆ ಅದರ ಗಂಧಕ ತೆಗೆಯುವ ಹೈಡ್ರೋಟ್ರೀಟರ್‌ನವರ ಜೊತೆ ಮಾತಾಡಿ. ಬಿಎಸ್-6 ಇಂಧನ ಮಾನದಂಡದ ಪ್ರಕಾರ ಡೀಸೆಲಿನ ಶೇ 95 ಭಾಗ 360 ಡಿಗ್ರಿಯೊಳಗೆ ಆವಿಯಾಗಿ ಬಂದರೆ ಸಾಕು. 345ಕ್ಕೇ ನಿಲ್ಲಿಸಿಕೊಂಡರೆ ಒಳ್ಳೆಯ ಡೀಸೆಲ್ ಕೈಬಿಟ್ಟಂತೆ. ಆದರೆ ಸುಲಭಕ್ಕೆ ಬಿಡದ ಗಂಧಕ ಕೂತಿರುವುದೂ ಆ ಭಾರದ ತುದಿಯಲ್ಲೇ. ಹೈಡ್ರೋಟ್ರೀಟರಿನ ಕ್ಯಾಟಲಿಸ್ಟ್ (ವೇಗವರ್ಧಕ) ಹಳೆಯದಾಗಿದ್ದರೆ ಗಂಧಕದ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು) ಮಿತಿ 360 ಮುಟ್ಟುವ ಮೊದಲೇ ಅಡ್ಡ ಬರಬಹುದು.