ಒಂದು ಆಯತ್‌ಗೆ ಮೂರು ವಾರ

ರಂಜಾನ್ ಮುಗಿದು ಮುಂದಿನ ತಿಂಗಳು ಶವ್ವಾಲ್ ಬಂತೆಂದರೆ, ಹೆಂಗಸರಿಗಾಗಿ ನಾನು ನಡೆಸುವ ಕುರ್‌ಆನ್ ತರಗತಿಗೆ ಹೊಸಬರು ಬರುತ್ತಾರೆ. ದಾವಣಗೆರೆಯ ಬಾಷಾ ನಗರ, ಆಜಾದ್ ನಗರ, ಮಂಡಕ್ಕಿ ಭಟ್ಟಿ ಕಡೆಯವರೇ ಜಾಸ್ತಿ. ಕುರ್‌ಆನ್ ಎಷ್ಟು ಓದಿದ್ದೀರಿ ಎಂದು ಮೊದಲ ದಿನ ಕೇಳುತ್ತೇನೆ. ‘ಆಪಾ, ಈ ರಂಜಾನ್‌ನಲ್ಲಿ ಎರಡು ಖತಮ್ ಆಯ್ತು’ ಅನ್ನುತ್ತಾರೆ ಒಬ್ಬರು. ಇನ್ನೊಬ್ಬರದು ಮೂರು. 30 ಪಾರಾ ಅಂದರೆ ಭಾಗ, 114 ಸೂರಾ ಅಂದರೆ ಅಧ್ಯಾಯ. ಸಹರಿ, ಇಫ್ತಾರ್, ಮಕ್ಕಳು, ಪಾತ್ರೆ ಇವೆಲ್ಲದರ ನಡುವೆ ಅದನ್ನು ಮೂರು ಸಲ ಮುಗಿಸುವುದು ಸಣ್ಣ ಮಾತಲ್ಲ.

ಆಮೇಲೆ ಇನ್ನೊಂದು ಪ್ರಶ್ನೆ. ‘ಮಾಲಿಕಿ ಯೌಮಿದ್ದೀನ್’ ಅಂದರೇನು? ದಿನಕ್ಕೆ ಐದು ಹೊತ್ತಿನ ನಮಾಜ್‌ನಲ್ಲಿ, ಫರ್ಜ್ ಅಂದರೆ ಕಡ್ಡಾಯದ್ದೊಂದನ್ನೇ ಹಿಡಿದರೂ 17 ರಕಅತ್ (ನಮಾಜ್‌ನ ಸುತ್ತು), ಬಾಯಲ್ಲಿ ಬರುವ ಮಾತು. ಕೋಣೆ ಸುಮ್ಮನಾಗುತ್ತದೆ. ನಾಚಿಸಲಿಕ್ಕೆ ಕೇಳುವುದಲ್ಲ ಇದು. ನನಗೂ ಇಪ್ಪತ್ತು ದಾಟುವವರೆಗೆ ಗೊತ್ತಿರಲಿಲ್ಲ. ನಮಗೆ ನಾಜಿರಾ ಕಲಿಸಿದರು, ಅಂದರೆ ನೋಡಿ ಓದುವುದು. ಅರ್ಥ ದೊಡ್ಡವರ ಕೆಲಸ ಎಂದುಕೊಂಡೇ ಬೆಳೆದೆವು.

ಭಾಷೆಯ ತೊಡಕೂ ಇದೆ. ನಮ್ಮ ಮನೆಗಳಲ್ಲಿ ಆಡುವುದು ದಖನಿ, ಅಂದರೆ ಈ ಕಡೆಯ ಉರ್ದು. ಆದರೆ ಈಗಿನ ಹೆಣ್ಣುಮಕ್ಕಳಲ್ಲಿ ಬಹಳ ಜನ ಓದಿದ್ದು ಕನ್ನಡ ಶಾಲೆಯಲ್ಲಿ. ಉರ್ದು ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಓದಲು ಬರುವುದಿಲ್ಲ. ದೊಡ್ಡ ದೊಡ್ಡ ತಫ್ಸೀರ್‌ಗಳು, ಅಂದರೆ ಕುರ್‌ಆನ್ ವ್ಯಾಖ್ಯಾನಗಳು, ಉರ್ದುವಿನಲ್ಲಿವೆ, ಅವು ಇವರಿಗೆ ಬೀಗ ಹಾಕಿದ ಕಪಾಟು. ಹಾಗಾಗಿ ನನ್ನ ತರಗತಿಯಲ್ಲಿ ಮಾತು ದಖನಿಯಲ್ಲಿ, ನೋಟ್ಸ್ ಕನ್ನಡದಲ್ಲಿ. ಇದಕ್ಕೆ ಯಾರೂ ಸಂಕೋಚ ಪಡಬೇಕಾಗಿಲ್ಲ.

ಆದರೆ ಆಯತ್ ಅನ್ನೇ, ಅಂದರೆ ಕುರ್‌ಆನ್‌ನ ವಚನವನ್ನೇ, ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದುವುದು ಬೇಡ. ಅರಬಿಯಲ್ಲಿ ಎರಡು ಕಾಫ್ ಇವೆ. ಎರಡು ಚುಕ್ಕೆಯ ಕಾಫ್ ಗಂಟಲ ಹತ್ತಿರ, ನಾಲಿಗೆಯ ಬುಡದಿಂದ ಬರಬೇಕು. ಇನ್ನೊಂದು ಅದಕ್ಕಿಂತ ಮುಂದೆ, ನಮ್ಮ ‘ಕ’ದ ಹಾಗೆ. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಕ’. ‘ಕುಲ್ ಹುವಲ್ಲಾಹು ಅಹದ್’ನಲ್ಲಿ ಇರುವುದು ಮೊದಲನೆಯ ಕಾಫ್, ‘ಹೇಳಿರಿ’ ಎಂದು ಅರ್ಥ. ಎರಡನೆಯದು ಹಾಕಿದರೆ ‘ತಿನ್ನಿರಿ’ ಎಂದಾಗುತ್ತದೆ. ದಖನಿ ನಾಲಿಗೆಗೆ ಇನ್ನೊಂದು ಅಭ್ಯಾಸ, ಆ ಕಾಫ್ ಬಂದ ಕಡೆಯೆಲ್ಲ ‘ಖ’ ಅನ್ನುವುದು. ಕುರ್‌ಆನ್ ಅನ್ನೇ ‘ಖುರಾನ್’ ಅನ್ನುತ್ತೇವೆ, ಅಲ್ವಾ? ಅರಬಿ ಅಕ್ಷರ ಕಲಿಸುವ ಕಾಯ್ದಾ ಪುಸ್ತಕ ಹಿಡಿದು ಒಂದು ತಿಂಗಳು ನಾಲಿಗೆ ತಿದ್ದಿದರೆ ಸರಿಹೋಗುತ್ತದೆ. ವಯಸ್ಸಾದ ಖಾಲಾಗಳು ಬೇಜಾರು ಮಾಡಿಕೊಂಡಾಗ ಒಂದು ಹದೀಸ್ (ಪ್ರವಾದಿ ಅವರ ನಡೆ-ನುಡಿಯ ವರದಿ) ನೆನಪಿಸುತ್ತೇನೆ: ತಡವರಿಸುತ್ತಾ, ಕಷ್ಟಪಟ್ಟು ಓದುವವರಿಗೆ ಎರಡು ಪಾಲು ಪುಣ್ಯ. ಅವರ ಮುಖ ಅರಳುತ್ತದೆ.

ಇನ್ನು ಆಳವಾಗಿ ಓದುವುದು ಅಂದರೆ ಹೇಗೆ? ಹೋದ ತಿಂಗಳ ಪಾಠವನ್ನೇ ಹೇಳುತ್ತೇನೆ.

ಸೂರಾ ಬಕರಾದಲ್ಲಿ 286 ಆಯತ್‌ಗಳಿವೆ. ಅದರಲ್ಲಿ 282ನೆಯದು ಇಡೀ ಕುರ್‌ಆನ್‌ನಲ್ಲೇ ಉದ್ದದ ಆಯತ್. ಸೌದಿಯಲ್ಲಿ ಅಚ್ಚಾಗುವ 15 ಸಾಲಿನ ಮುಸ್‌ಹಫ್‌ನಲ್ಲಿ, ಅಂದರೆ ಕುರ್‌ಆನ್ ಪ್ರತಿಯಲ್ಲಿ, ಪೂರ್ತಿ ಒಂದು ಪುಟ. ಯಾವುದರ ಬಗ್ಗೆ ಇರಬಹುದು ಎಂದು ಕೇಳಿದೆ. ನಮಾಜ್ ಎಂದರು, ರೋಜಾ ಎಂದರು, ಹಜ್ ಎಂದರು. ಇರುವುದು ಕೈಸಾಲದ ಬಗ್ಗೆ! ಗೊತ್ತಾದ ಅವಧಿಗೆ ಸಾಲ ಕೊಟ್ಟು ತೆಗೆದುಕೊಂಡರೆ ಬರೆದಿಡಿ ಅನ್ನುತ್ತದೆ ಆಯತ್. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರ ಪಡಬೇಡಿ ಅನ್ನುತ್ತದೆ.

ನಮ್ಮಲ್ಲಿ ಅರ್ಧ ಜನ ಸಂಘದಲ್ಲಿ ಸಾಲ ತೆಗೆದವರು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಮನೆಗಳಿಗೆ ಭತ್ತ ತರಲು ಕೈಸಾಲ ಬೇಕು. ಎಲ್ಲರೂ ನೆಟ್ಟಗೆ ಕೂತರು.

ಮೊದಲ ವಾರ ಬರೀ ಒಂದು ಪದ. ಸಾಲಕ್ಕೆ ಅರಬಿಯಲ್ಲಿ ‘ದೈನ್’. ಅರಬಿಯ ಹೆಚ್ಚಿನ ಪದಗಳಿಗೆ ಮೂರಕ್ಷರದ ಬೇರು ಇರುತ್ತದೆ. ಇದರ ಬೇರು ದಾಲ್, ಯಾ, ನೂನ್. ಬೋರ್ಡ್ ಮೇಲೆ ಬರೆದು ಸುಮ್ಮನೆ ನಿಂತೆ. ಭಟ್ಟಿ ಕಡೆಯಿಂದ ಬರುವ ಒಬ್ಬಳು ತನ್ನ ನೋಟ್‌ಬುಕ್‌ನ ಮೊದಲ ಹಾಳೆಗೆ ತಿರುಗಿಸಿದಳು. ಅಲ್ಲಿ ‘ಯೌಮಿದ್ದೀನ್’ ಎಂದು ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಳು. ಬೆರಳಿಟ್ಟು ಕೇಳಿದಳು, ‘ಆಪಾ, ಇದೇ ಮೂರು ಅಕ್ಷರ ಅಲ್ವಾ?’ ಹೌದು. ‘ದೈನ್’, ‘ದೀನ್’ ಎರಡೂ ಒಂದೇ ಬೇರು. ಕುರ್‌ಆನ್‌ನ ಮೊದಲ ಸೂರಾ ಫಾತಿಹಾದಲ್ಲಿ ನಾವು ಹೇಳುವ ‘ದೀನ್’ನ ದಿನ ಅಂದರೆ ಲೆಕ್ಕ ತೀರುವ ದಿನ, ಮಾಡಿದ್ದಕ್ಕೆ ಪ್ರತಿಫಲ ಸಿಗುವ ದಿನ. ಅವಳು ಮೊದಲ ಹಾಳೆಯಿಂದ ಆ ದಿನದ ಹಾಳೆಯ ಸಂಖ್ಯೆಗೆ ಬಾಣ ಹಾಕಿದಳು. ಇಷ್ಟು ವರ್ಷ ಪಾಠ ಮಾಡಿ ನಾನು ಕಾಯುವುದು ಇಂಥ ಬಾಣಗಳಿಗೇ.

ಎರಡನೇ ವಾರ ವಾಕ್ಯಗಳು. ಪತ್ರ ಬರೆಸುವಾಗ ಮಾತು ಹೇಳಬೇಕಾದವರು ಯಾರು? ಸಾಲ ಕೊಟ್ಟವರಲ್ಲ, ತೆಗೆದುಕೊಂಡವರು. ಹೊರೆ ಯಾರ ಮೇಲಿದೆಯೋ ಅವರ ಬಾಯಿಂದಲೇ ಬರಬೇಕು. ಕೊಟ್ಟವರು ತಮಗೆ ಬೇಕಾದ ಹಾಗೆ ಬರೆಸಿಕೊಳ್ಳುವ ದಾರಿ ಅಲ್ಲೇ ಮುಚ್ಚಿತು. ಹೇಳಲು ಶಕ್ತಿ ಇಲ್ಲದವರಾದರೆ ಅವರ ಪೋಷಕರು ನ್ಯಾಯವಾಗಿ ಹೇಳಲಿ. ಬರೆಯುವವರಿಗೂ ಸಾಕ್ಷಿಗೂ ತೊಂದರೆ ಕೊಡಬೇಡಿ. ಓದದೆ ಹೆಬ್ಬೆಟ್ಟು ಒತ್ತಿದ ಕಥೆಗಳು ಆ ದಿನ ಎಷ್ಟು ಹೊರಬಂದವೋ!

ಮೂರನೇ ವಾರ ನಾನು ಎದುರು ನೋಡುತ್ತಿದ್ದ ಪ್ರಶ್ನೆ ಬಂತು. ಇದೇ ಆಯತ್‌ನಲ್ಲಿ ಇಬ್ಬರು ಗಂಡಸರು ಸಾಕ್ಷಿಗೆ ಸಿಗದಿದ್ದರೆ ಒಬ್ಬ ಗಂಡಸು, ಇಬ್ಬರು ಹೆಂಗಸರು ಎಂದಿದೆ. ಡಿಗ್ರಿ ಓದುವ ಹುಡುಗಿ ಎದ್ದು ಕೇಳಿದಳು, ‘ಹಾಗಾದ್ರೆ ನಮ್ಮ ಮಾತಿಗೆ ಅರ್ಧ ಬೆಲೆನಾ?’

ಇಂಥ ಪ್ರಶ್ನೆಗೆ ಬೈದು ಕೂರಿಸುವವರಿದ್ದಾರೆ. ಚಿಕ್ಕವಳಿದ್ದಾಗ ನಾನೂ ಬೈಸಿಕೊಂಡಿದ್ದೇನೆ. ಆದರೆ 58ನೇ ಸೂರಾದ ಹೆಸರೇ ‘ಮುಜಾದಲಾ’, ವಾದ ಎಂದರ್ಥ. ಗಂಡನ ಅನ್ಯಾಯದ ಮಾತಿನ ವಿರುದ್ಧ ಖೌಲಾ(ರ) ಎಂಬ ಹೆಣ್ಣುಮಗಳು ಪ್ರವಾದಿ(ಸ) ಅವರ ಮುಂದೆ ವಾದಿಸಿದರು. ಅವಳ ಮಾತನ್ನು ಅಲ್ಲಾಹ್ ಕೇಳಿದನು ಎಂದೇ ಆ ಸೂರಾ ಶುರುವಾಗುತ್ತದೆ. ಅದರ 22 ಆಯತ್‌ಗಳಲ್ಲಿ ಒಂದೊಂದರಲ್ಲೂ ಅಲ್ಲಾಹನ ಹೆಸರಿದೆ. ಪ್ರಶ್ನೆ ಕೇಳಿದ ಹುಡುಗಿಯನ್ನು ಹೆದರಿಸಲು ನನಗೇನು ಹಕ್ಕು?

ನಾನು ಹೇಳಿದ್ದು ಇಷ್ಟು. ಆಯತ್ ಮಾತಾಡುತ್ತಿರುವುದು ಸಾಲದ ಪತ್ರದ ಬಗ್ಗೆ. ಕಾರಣವೂ ಅಲ್ಲೇ ಇದೆ: ಒಬ್ಬಳು ತಪ್ಪಿದರೆ ಇನ್ನೊಬ್ಬಳು ನೆನಪಿಸಲಿ. ಈಗ ಸೂರಾ ನೂರ್‌ನ 6ರಿಂದ 9ರವರೆಗೆ ತೆಗೆಯಿರಿ. ಸಾಕ್ಷಿಯಿಲ್ಲದೆ ಗಂಡ ಹೆಂಡತಿಯ ಮೇಲೆ ಆರೋಪ ಹೊರಿಸಿದರೆ ಅವನು ನಾಲ್ಕು ಸಲ ಆಣೆ ಮಾಡುತ್ತಾನೆ, ಅವಳೂ ನಾಲ್ಕೇ ಸಲ. ಅವಳ ಆಣೆಯಿಂದ ಶಿಕ್ಷೆ ತಪ್ಪುತ್ತದೆ. ಎಂಟಲ್ಲ, ನಾಲ್ಕೇ. ಹದೀಸ್‌ನಲ್ಲೂ ಹಾಗೇ. ಪ್ರವಾದಿ(ಸ) ಅವರ ಪತ್ನಿ ಆಯಿಶಾ(ರ) ಅವರಿಂದ ಬಂದ ಹದೀಸ್‌ಗಳು ಎರಡು ಸಾವಿರ ದಾಟುತ್ತವೆ. ಇನ್ನೊಬ್ಬ ಹೆಂಗಸು ಜೊತೆಗೆ ನಿಂತು ಹೇಳಲಿ ಎಂದು ವಿದ್ವಾಂಸರು ಕೇಳಲಿಲ್ಲ. ಹಿಂದಿನ ಫಿಕ್‌ಹ್ (ಧರ್ಮನಿಯಮ) ಪಂಡಿತರಲ್ಲಿ ಹೆಚ್ಚಿನವರು ಇದನ್ನು ಹಣದ ವ್ಯವಹಾರದ ನಿಯಮವಾಗಿಯೇ ಇಟ್ಟುಕೊಂಡರು, ಆ ಕಾಲದ ಪರಿಸ್ಥಿತಿಗೆ ಹೇಳಿದ್ದು ಎನ್ನುವವರೂ ಇದ್ದಾರೆ. ಎರಡನ್ನೂ ಮುಂದಿಟ್ಟೆ. ಅವಳು ಒಪ್ಪಿದಳೋ ಇಲ್ಲವೋ, ಮುಂದಿನ ವಾರ ಸೂರಾ ನೂರ್ ಪೂರ್ತಿ ಓದಿಕೊಂಡು ಬಂದಳು.

ತಿಂಗಳ ಮುಟ್ಟಿನ ದಿನಗಳಲ್ಲಿ ತರಗತಿಗೆ ಬರಬಹುದಾ ಎಂದು ಬಹಳ ಜನ ಮೆಲ್ಲಗೆ ಕಿವಿಯಲ್ಲಿ ಕೇಳುತ್ತಾರೆ. ಬನ್ನಿ. ನಮ್ಮ ಕಡೆಯ ಹೆಚ್ಚಿನ ಮನೆಗಳು ಹನಫಿ ಮಸ್‌ಲಕ್‌ನವು, ಅಂದರೆ ಹನಫಿ ಪಂಥದ ನಿಯಮ ಪಾಲಿಸುವವು. ಆ ದಿನಗಳಲ್ಲಿ ಮುಸ್‌ಹಫ್ ಮುಟ್ಟುವುದಿಲ್ಲ, ತಿಲಾವತ್ (ಕುರ್‌ಆನ್ ಪಠಣ) ಮಾಡುವುದಿಲ್ಲ. ಕೇಳಿಸಿಕೊಳ್ಳಲು, ಅರ್ಥ ಚರ್ಚಿಸಲು, ನೋಟ್ಸ್ ಬರೆಯಲು ಅಡ್ಡಿಯಿಲ್ಲ. ತಿಂಗಳಿಗೊಂದು ವಾರ ತಪ್ಪಿಸಿದರೆ ವರ್ಷಕ್ಕೆ ಮೂರು ತಿಂಗಳ ಪಾಠ ಹೋಗುತ್ತದೆ, ಲೆಕ್ಕ ಹಾಕಿ ನೋಡಿ.

ಸಮಯ ಮಧ್ಯಾಹ್ನದ ಜುಹರ್ ನಮಾಜ್ ಆದ ಮೇಲೆ, ಇಳಿಹೊತ್ತಿನ ಅಸರ್ ನಮಾಜ್‌ಗೆ ಮುಂಚೆ. ಎಳೆ ಮಕ್ಕಳನ್ನು ಕರೆದುಕೊಂಡೇ ಬನ್ನಿ. ಗಂಡಸರೇ ಯಾವಾಗಲೂ ನಿಮ್ಮ ಸುತ್ತ ಇರುತ್ತಾರೆ, ನಮಗೂ ಒಂದು ದಿನ ಕೊಡಿ ಎಂದು ಹೆಂಗಸರು ಕೇಳಿದಾಗ ಪ್ರವಾದಿ(ಸ) ಅವರು ದಿನ ಗೊತ್ತು ಮಾಡಿ ಪಾಠ ಹೇಳಿದರೆಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಮನೆಯಲ್ಲಿ ಯಾರಾದರೂ ತಕರಾರು ಮಾಡಿದರೆ ಈ ಹದೀಸ್ ತೋರಿಸಿ.

ಈಗ 283ಕ್ಕೆ ಬಂದಿದ್ದೇವೆ. ಪ್ರಯಾಣದಲ್ಲಿದ್ದು, ಬರೆಯುವವರು ಸಿಗದಿದ್ದರೆ ಒತ್ತೆ ಇಟ್ಟುಕೊಳ್ಳಬಹುದು ಎನ್ನುವ ಆಯತ್ ಅದು. ಯಾರ್ಯಾರ ಬಳೆ, ಸರ ಅಡ ಇದೆಯೋ ಅವರೆಲ್ಲ ತಮ್ಮ ಪ್ರಶ್ನೆ ಬರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.